ಪಂಖಾ ತಿರುಗಬೇಕು: ಹಳೆ ವಿಮಾನಗಳ ಫೋಟೊ ತೆಗೆಯಲು ಹಂತ ಹಂತದ ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಯುದ್ಧಕಾಲದ ಒಂದು ಏರ್‌ಸ್ಟ್ರಿಪ್ ಇದೆ. ಈಗ ರಿಪೇರಿಯಾಗಿ, ಹುಲ್ಲು ಹಾಸಿಕೊಂಡು ಮತ್ತೆ ಜೀವ ಪಡೆದಿದೆ. ಬೇಸಿಗೆಯ ಒಂದು ಶನಿವಾರ ಹಳೆ ವಿಮಾನಗಳೆಲ್ಲ ಅಲ್ಲಿ ಸೇರಿದ್ದವು. ಬೆಳಗಾವಿಯಿಂದ ಹೊತ್ತುಕೊಂಡು ಹೋಗಿದ್ದ ಕ್ಯಾಮೆರಾದಲ್ಲಿ ನಾನು 600ಕ್ಕೂ ಹೆಚ್ಚು ಫೋಟೊ ಹೊಡೆದೆ. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ ತೋರಿಸಿದರೆ ಅಣ್ಣನ ಮಗ ಕೇಳಿದ್ದು ಒಂದೇ ಮಾತು: “ಕಾಕಾ, ಎಲ್ಲಾ ವಿಮಾನದ್ದೂ ಇಂಜಿನ್ ಬಂದ್ ಆಗಿತ್ತೇನು?”

ಹುಡುಗ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪ್ರತಿ ಫೋಟೊದಲ್ಲೂ ವಿಮಾನದ ಪಂಖಾ (ಪ್ರೊಪೆಲ್ಲರ್) ಗೋಡೆ ಗಡಿಯಾರದ ಮುಳ್ಳಿನ ಹಾಗೆ ನಿಂತುಬಿಟ್ಟಿತ್ತು. ವಿಮಾನಗಳು ಆಟಿಕೆ ಅಂಗಡಿಯಿಂದ ತಂದು ದಾರ ಕಟ್ಟಿ ತೂಗುಬಿಟ್ಟಂತೆ ಕಾಣುತ್ತಿದ್ದವು.

ಆಮೇಲೆ ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆಂದು ಹೋಗಿಬಂದ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಲವರ ಫೋಟೊ ನೋಡಿದೆ. ಯಲಹಂಕದ ಏರೋ ಇಂಡಿಯಾದಲ್ಲಿ ವಾಯುಪಡೆಯ ಹಳೆ ಡಕೋಟಾ ವಿಮಾನವನ್ನು ಹಿಡಿದವರ ಫೋಟೊಗಳನ್ನೂ ನೋಡಿದೆ. ಎಲ್ಲರದೂ ಅದೇ ತಪ್ಪು. “ಓಡುವುದನ್ನು ಹಿಡಿಯಬೇಕಾದರೆ ಶಟರ್ ಏರಿಸು” ಎಂದು ನಾವು ಕಲಿತಿದ್ದೇವೆ. ಪಂಖದ ವಿಮಾನಕ್ಕೆ ಶಟರ್ ಇಳಿಸಬೇಕು, ಅಂದರೆ ಕ್ಯಾಮೆರಾದ ಬೆಳಕಿನ ಬಾಗಿಲು ಹೆಚ್ಚು ಹೊತ್ತು ತೆರೆದಿರಬೇಕು. ಇಳಿಸಿದರೆ ಕೈ ಅಲುಗಿ ವಿಮಾನವೇ ಮಸುಕಾಗುತ್ತದೆ, ಹೆದರಿ ಮತ್ತೆ ಏರಿಸುತ್ತೇವೆ. ಎಲ್ಲರೂ ಸೋಲುವುದು ಈ ಹೆದರಿಕೆಯಲ್ಲೇ.

ಕೈ ಪಳಗುವುದು ಊರಲ್ಲಿ. ಅಲ್ಲಿಗೆ ಹೋಗಿ ಕಲಿತರಾಯಿತು ಅಂದರೆ ಆಗದು. ವಿಮಾನ ನಿಮ್ಮ ಎದುರಿಗಿರುವುದು ನಾಲ್ಕೈದು ಸೆಕೆಂಡು. ಹಾಗಾಗಿ ಕೆಳಗಿನ ಕ್ರಮ ತಪ್ಪಿಸಬೇಡಿ: ಮೊದಲು ಫ್ಯಾನು, ಆಮೇಲೆ ಬಸ್ಸು, ಆಮೇಲೆ ಹಕ್ಕಿ, ಕೊನೆಗೆ ವಿಮಾನ.

ಬೇಕಾಗುವ ಸಾಮಾನು

ಶಟರ್ ವೇಗವನ್ನು ಕೈಯಿಂದ ಹಾಕಲು ಬರುವ ಯಾವುದೇ ಕ್ಯಾಮೆರಾ ನಡೆಯುತ್ತದೆ. ಲೆನ್ಸು 70-300 ಮಿಮೀ ಇದ್ದರೆ ಸಾಕು, 100-400 ಇದ್ದರೆ ಇನ್ನೂ ಒಳ್ಳೆಯದು. ಎರಡು ಬ್ಯಾಟರಿ, ಎರಡು ಕಾರ್ಡು, ಧೂಳು ಊದುವ ರಬ್ಬರ್ ಬುಗ್ಗೆ, ಮೆತ್ತನೆ ಬಟ್ಟೆ ಇರಲಿ.

ಇವುಗಳ ಜೊತೆ ಜನ ಬಿಟ್ಟುಹೋಗುವ ಒಂದು ವಸ್ತುವಿದೆ: ಎನ್‌ಡಿ ಫಿಲ್ಟರ್. ಬೆಳಕು ಕಡಿಮೆ ಮಾಡುವ ಕಪ್ಪು ಗಾಜು. ಸುಡುಬಿಸಿಲಲ್ಲಿ ಐಎಸ್‌ಒ 100 (ಸೆನ್ಸಾರ್ ಬೆಳಕಿಗೆ ಸ್ಪಂದಿಸುವ ಮಟ್ಟ) ಇಟ್ಟು ಶಟರ್ 1/125ಕ್ಕೆ, ಅಂದರೆ ಸೆಕೆಂಡಿನ 125ನೇ ಒಂದು ಭಾಗಕ್ಕೆ ತಂದರೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/14ರ ಹತ್ತಿರ ಹೋಗುತ್ತದೆ; ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು. 1/60ಕ್ಕೆ ಇಳಿಸಿದರೆ ಎಫ್/20. ಅಷ್ಟು ಸಣ್ಣ ಕಿಂಡಿಯಲ್ಲಿ ಚಿತ್ರದ ಮೊನಚು ಸಾಯುತ್ತದೆ, ಸೆನ್ಸಾರ್ ಮೇಲಿನ ಧೂಳೆಲ್ಲ ಆಕಾಶದಲ್ಲಿ ಕರಿ ಚುಕ್ಕೆಯಾಗಿ ಕೂರುತ್ತದೆ. ಎನ್‌ಡಿ 4 (ಬೆಳಕನ್ನು ಕಾಲುಭಾಗಕ್ಕೆ ಇಳಿಸುವಂಥದ್ದು) ಹಾಕಿದರೆ ಅದೇ 1/60ಕ್ಕೆ ಎಫ್/10 ಸಾಕು. ಹೊಳಪು ಕಳೆಯುವ ಪೋಲರೈಸರ್ ಫಿಲ್ಟರ್ ಇದ್ದವರು ಅದನ್ನೇ ಹಾಕಿ, ಒಂದೂವರೆಯಿಂದ ಎರಡು ಸ್ಟಾಪು ಬೆಳಕು ಅದೂ ನುಂಗುತ್ತದೆ (ಒಂದು ಸ್ಟಾಪು ಅಂದರೆ ಬೆಳಕು ಅರ್ಧಕ್ಕಿಳಿದಂತೆ).

ಟ್ರೈಪಾಡ್ ಮನೆಯಲ್ಲಿಡಿ. ವಿಮಾನದ ಹಿಂದೆ ತಿರುಗಲು ಅದು ಬಿಡುವುದಿಲ್ಲ, ಗುಂಪಿನಲ್ಲಿ ನಾಲ್ಕು ಜನರ ಕಾಲಿಗೂ ತೊಡರುತ್ತದೆ.

ಹಂತ 1: ಪಂಖದ ಲೆಕ್ಕ

ಪಂಖಾ ಮಿನಿಟಿಗೆ ಎಷ್ಟು ಸುತ್ತು ಹಾಕುತ್ತದೆ, ಅದಕ್ಕೆ ಎಷ್ಟು ಅಲಗು ಇವೆ, ಈ ಎರಡು ಗೊತ್ತಿದ್ದರೆ ಶಟರ್ ಎಷ್ಟಿರಬೇಕೆಂದು ತಾನೇ ತಿಳಿಯುತ್ತದೆ.

ಎರಡು ರೆಕ್ಕೆ ಸಾಲಿನ ಟೈಗರ್ ಮಾತ್ ತೆಗೆದುಕೊಳ್ಳಿ. ಎರಡೇ ಅಲಗು, ನಡುವೆ ಗೇರಿಲ್ಲ, ಇಂಜಿನ್ ತಿರುಗಿದಷ್ಟೇ ಪಂಖವೂ ತಿರುಗುತ್ತದೆ. ಹಾರಾಟದಲ್ಲಿ ಮಿನಿಟಿಗೆ 2000 ಸುತ್ತು ಅಂತಿಟ್ಟುಕೊಂಡರೆ ಸೆಕೆಂಡಿಗೆ 33 ಸುತ್ತು, ಅಂದರೆ 12,000 ಡಿಗ್ರಿ. 1/2000ರಲ್ಲಿ ಹೊಡೆದರೆ ಶಟರ್ ತೆರೆದು ಮುಚ್ಚುವಷ್ಟರಲ್ಲಿ ಅಲಗು ಸರಿಯುವುದು ಬರೀ 6 ಡಿಗ್ರಿ. ನಿಂತಂತೆ ಕಾಣದೆ ಇನ್ನೇನು? 1/250ರಲ್ಲಿ 48 ಡಿಗ್ರಿ, 1/125ರಲ್ಲಿ 96 ಡಿಗ್ರಿ. ಎರಡು ಅಲಗಿನ ನಡುವೆ 180 ಡಿಗ್ರಿ ಇರುವುದರಿಂದ ಪಂಖಾ ಪೂರ್ತಿ ದುಂಡು ತಟ್ಟೆಯಂತೆ ಕಾಣಬೇಕಾದರೆ 1/60ಕ್ಕೆ ಇಳಿಯಬೇಕು.

ಎರಡನೇ ಮಹಾಯುದ್ಧದ ಫೈಟರ್ ವಿಮಾನ ಸ್ಪಿಟ್‌ಫೈರ್‌ನ ಮರ್ಲಿನ್ ಇಂಜಿನ್ ಜೋರಾಗಿ ತಿರುಗಿದರೂ ಮುಂದಿರುವ ಗೇರು ಪಂಖದ ವೇಗವನ್ನು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇಳಿಸುತ್ತದೆ. ಇಂಜಿನ್ 2400 ಸುತ್ತಿದ್ದರೆ ಪಂಖಾ ಸುಮಾರು 1150. ಡಕೋಟಾದ್ದೂ ಹೆಚ್ಚುಕಡಿಮೆ ಅಷ್ಟೇ. ಸೆಕೆಂಡಿಗೆ 6900 ಡಿಗ್ರಿ, 1/125ಕ್ಕೆ 55 ಡಿಗ್ರಿ. ನಾಲ್ಕು ಅಲಗಿನ ಸ್ಪಿಟ್‌ಫೈರ್‌ಗೆ ಅಲಗಿನಿಂದ ಅಲಗಿಗೆ 90 ಡಿಗ್ರಿ ಅಂತರ, ಹಾಗಾಗಿ 1/80ರಲ್ಲೇ ತಟ್ಟೆ ತುಂಬಿಬರುತ್ತದೆ. ಡಕೋಟಾಕ್ಕೆ ಮೂರೇ ಅಲಗು, 120 ಡಿಗ್ರಿ ಅಂತರ, 1/60 ಬೇಕು.

ಹಾಗೆಂದು ಪೂರ್ತಿ ತಟ್ಟೆಯೇ ಆಗಬೇಕೆಂಬ ಹಟ ಬೇಡ. ಅಲಗಿನ ನಡುವಿನ ಅಂತರದ ಅರ್ಧದಷ್ಟು ಮಸುಕು ಬಂದರೂ ಕಣ್ಣಿಗೆ ತಿರುಗಿದಂತೆಯೇ ಕಾಣುತ್ತದೆ. ಹೊಸಬರಿಗೆ ನಾನು ಹೇಳುವುದು 1/200ರಿಂದ ಶುರುಮಾಡಿ 1/125ಕ್ಕೆ ಬನ್ನಿ ಎಂದು. 1/60 ಆಮೇಲಿನ ಮಾತು.

ಬಹಳ ಜನ ಎಡವುವ ಒಂದು ಜಾಗವಿದೆ. ನೆಲದ ಮೇಲೆ ಇಂಜಿನ್ ನಿಧಾನ. ಟೈಗರ್ ಮಾತ್ ಮಿನಿಟಿಗೆ 800 ಸುತ್ತಿನಲ್ಲಿ ಗುಟುಗುಟು ಅನ್ನುತ್ತ ನಿಂತಿರುವಾಗ 1/125ಕ್ಕೆ ಅಲಗು ಸರಿಯುವುದು 38 ಡಿಗ್ರಿ ಮಾತ್ರ. ನಿಂತ ವಿಮಾನಕ್ಕೆ ಹಾರುವ ವಿಮಾನಕ್ಕಿಂತ ನಿಧಾನದ ಶಟರ್ ಬೇಕು, 1/60 ಇಲ್ಲವೇ 1/30. ಉಲ್ಟಾ ಅನಿಸುತ್ತದೆ, ಆದರೆ ಲೆಕ್ಕ ಸುಳ್ಳು ಹೇಳುವುದಿಲ್ಲ.

ನಡುವೆ ಜೆಟ್ ವಿಮಾನ ಬಂದರೆ ಅದಕ್ಕೆ ಪಂಖವಿಲ್ಲ. ಧೈರ್ಯವಾಗಿ 1/1000ಕ್ಕೆ ಏರಿಸಿ. ಮತ್ತೆ ಇಳಿಸುವುದನ್ನು ಮಾತ್ರ ಮರೆಯಬೇಡಿ. ನಾನು ಮರೆತಿದ್ದೇನೆ, ಒಂದಲ್ಲ, ಎರಡು ಸಲ.

ಹಂತ 2: ಟೇಬಲ್ ಫ್ಯಾನಿನ ಮುಂದೆ

ಟೇಬಲ್ ಫ್ಯಾನಿನ ಸ್ಪೀಡು ಮೂರಕ್ಕೆ ಹಾಕಿದರೆ ಮಿನಿಟಿಗೆ ಸುಮಾರು 1300 ಸುತ್ತು. ಅಲಗು ಮೂರು. ಡಕೋಟಾದ ಪಂಖಕ್ಕೆ ಇದಕ್ಕಿಂತ ಹತ್ತಿರದ ನೆಂಟ ನಿಮ್ಮ ಮನೆಯಲ್ಲಿ ಇನ್ನೊಂದಿಲ್ಲ. ಸೀಲಿಂಗ್ ಫ್ಯಾನು ಬೇಡ, ಅದು ಮಿನಿಟಿಗೆ 350ರ ಆಸುಪಾಸು, ತೀರಾ ಮಂದ.

ಫ್ಯಾನನ್ನು ಕಿಟಕಿ ಬೆಳಕಿಗೆ ಇಡಿ. ಟ್ಯೂಬ್‌ಲೈಟ್ ಕೆಳಗೆ ಬೇಡ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಆ ಮಿಣುಕು ಸೇರಿಕೊಂಡರೆ ಮಸುಕು ಎಷ್ಟು ಬಂತೆಂದು ತಿಳಿಯದು.

ಈಗ ದಿನಪತ್ರಿಕೆಯ ಒಂದು ತಲೆಬರಹ ಕತ್ತರಿಸಿ ಫ್ಯಾನಿನ ಮುಂದಿನ ಜಾಲರಿಗೆ ಅಂಟಿಸಿ. ಮೂರು ನಾಲ್ಕು ಮೀಟರ್ ದೂರ ನಿಂತು, ಲೆನ್ಸನ್ನು 200 ಮಿಮೀಗೆ ಎಳೆದು, 1/1000ರಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೊಡೆಯಿರಿ: 1/500, 1/250, 1/125, 1/60, 1/30. ಪ್ರತಿ ವೇಗಕ್ಕೂ ಹತ್ತು ಫೋಟೊ.

ನೋಡಬೇಕಾದ್ದು ಎರಡು. ಅಲಗು ಎಷ್ಟು ಕರಗಿದೆ, ತಲೆಬರಹದ ಅಕ್ಷರ ಓದಲು ಬರುತ್ತದೆಯೇ. ಅಕ್ಷರ ಮಸುಕಾದರೆ ಅದು ಕೈಯ ತಪ್ಪು. ಬಹುತೇಕರ ಕೈ 1/125ರ ಹತ್ತಿರ ಸೋಲಲು ಶುರುವಾಗುತ್ತದೆ. ಆಗ ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿ, ಎಡಗೈಯನ್ನು ಲೆನ್ಸಿನ ಕೆಳಗೆ ತಟ್ಟೆ ಹಿಡಿದ ಹಾಗೆ ಇಟ್ಟು, ಅರ್ಧ ಉಸಿರು ಬಿಟ್ಟು ಗುಂಡಿಯನ್ನು ಒತ್ತಿ. ಬೆರಳಿನಿಂದ ಬಡಿಯಬಾರದು.

1/60ರ ಹತ್ತು ಫೋಟೊದಲ್ಲಿ ಆರರಲ್ಲಿ ಅಕ್ಷರ ಓದಲು ಬರುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ. ನನಗೆ ಎಂಟು ದಿನ ಹಿಡಿಯಿತು. “ಏನ್ರೀ ಇದು, ಸೆಕೆ ಆಗ್ಲಿಕತ್ತೈತಿ, ಫ್ಯಾನ್ ಈ ಕಡೆ ತಿರುಗಸ್ರಿ” ಎಂದು ಮನೆಯವರು ಬಯ್ದದ್ದನ್ನೂ ಲೆಕ್ಕಕ್ಕೆ ಹಿಡಿದು.

ಹಂತ 3: ಬಸ್ಸಿನ ಹಿಂದೆ ತಿರುಗುವುದು

ಫ್ಯಾನು ನಿಂತಲ್ಲೇ ಇತ್ತು. ವಿಮಾನ ಓಡುತ್ತದೆ, ಕ್ಯಾಮೆರಾವೂ ಅದೇ ವೇಗದಲ್ಲಿ ತಿರುಗಬೇಕು. ಇದನ್ನು ಪ್ಯಾನಿಂಗ್ ಎನ್ನುತ್ತಾರೆ. ಕಲಿಯಲು ಸಾರಿಗೆ ಬಸ್ಸು ಸಾಕು.

250 ಕಿ.ಮೀ. ವೇಗದ ವಿಮಾನ 150 ಮೀಟರ್ ದೂರದಲ್ಲಿ ಹಾದುಹೋದರೆ ನೀವು ಸೆಕೆಂಡಿಗೆ ಸುಮಾರು 27 ಡಿಗ್ರಿ ತಿರುಗಬೇಕು. 50 ಕಿ.ಮೀ. ವೇಗದ ಬಸ್ಸು 30 ಮೀಟರ್ ದೂರದಲ್ಲಿ ಹೋದರೂ ಅಷ್ಟೇ. ಅಂದರೆ ರಸ್ತೆಯಿಂದ 30 ಮೀಟರ್ ಒಳಗೆ ಹೊಲದ ಬದುವಿನ ಮೇಲೆ ನಿಂತು ಬೆಳಗಾವಿ–ಬಾಗಲಕೋಟೆ ಬಸ್ಸನ್ನು ಹಿಡಿದವನಿಗೆ ಸ್ಪಿಟ್‌ಫೈರ್ ಹೊಸದೇನೂ ಅಲ್ಲ. ಕಬ್ಬಿನ ಟ್ರ್ಯಾಕ್ಟರ್ ಹಿಡಿದು ಕಲಿತೆ ಎನ್ನಬೇಡಿ, ಅದು ತೆವಳುತ್ತದೆ. ವಿಜಯಪುರದ ಕಡೆಯವರು ಕಾರಹುಣ್ಣಿಮೆಯ ಕರಿ ಹರಿಯುವ ದಿನ ಎತ್ತುಗಳನ್ನು ಹಿಡಿಯಲು ನೋಡಬಹುದು, ಜನರ ಹಿಂದೆ ಗಟ್ಟಿ ಕಟ್ಟೆಯ ಮೇಲೆ ನಿಂತು.

ನಿಲ್ಲುವ ಕ್ರಮದಲ್ಲೇ ಅರ್ಧ ಗೆಲುವಿದೆ. ಬಸ್ಸು ನಿಮಗೆ ಅತಿ ಹತ್ತಿರ ಬರುವ ಜಾಗ ಯಾವುದೋ ಪಾದ ಆ ಕಡೆಗಿರಲಿ. ಈಗ ನಡುವಿನಿಂದ ಮೇಲೆ ಹಿಂದಕ್ಕೆ ತಿರುಗಿ ಬಸ್ಸನ್ನು ದೂರದಲ್ಲೇ ಹಿಡಿಯಿರಿ. ಅದು ಬರುತ್ತಿದ್ದಂತೆ ಮೈ ಬಿಚ್ಚಿಕೊಳ್ಳುತ್ತ ಬರುತ್ತದೆ. ಕಣದ ಮೇಟಿ ಅಲುಗುವುದಿಲ್ಲ, ಸುತ್ತಲಿನ ಎತ್ತು ತಿರುಗುತ್ತವೆ. ನಿಮ್ಮ ಕಾಲು ಮೇಟಿ, ನಡುವಿನ ಮೇಲಿನದು ಎತ್ತು. ಪಾದವನ್ನು ಬಸ್ಸು ಬರುವ ಕಡೆ ಇಟ್ಟು ನಿಂತವರು ಸರಿಯಾಗಿ ಫೋಟೊ ಬರಬೇಕಾದ ಹೊತ್ತಿಗೆ ಮೈ ತಿರುಚಿಕೊಂಡು ತತ್ತರಿಸುತ್ತಾರೆ.

ಗುಂಡಿ ಒತ್ತಿದ ಮೇಲೂ ತಿರುಗುತ್ತಲೇ ಇರಿ. ‘ಕ್ಲಿಕ್’ ಅಂದೊಡನೆ ನಿಂತರೆ ಕೊನೆಯ ಎರಡು ಫೋಟೊ ಹಾಳು.

ಕ್ಯಾಮೆರಾದಲ್ಲಿ ಶಟರ್ ಪ್ರಯಾರಿಟಿ ಹಾಕಿ, ನಿಕಾನ್, ಸೋನಿಯಲ್ಲಿ ‘ಎಸ್’, ಕ್ಯಾನನ್‌ನಲ್ಲಿ ‘ಟಿವಿ’. ಫೋಕಸ್ ಸತತವಾಗಿ ಹಿಂಬಾಲಿಸುವಂತಿರಲಿ, ಅಂದರೆ ‘ಎಎಫ್-ಸಿ’ ಅಥವಾ ‘ಎಐ ಸರ್ವೋ’. ಲೆನ್ಸಿನ ಪಕ್ಕದಲ್ಲಿ ಅಲುಗಾಟ ತಡೆಯುವ ಗುಂಡಿಗೆ 1, 2 ಎಂದಿದ್ದರೆ 2ಕ್ಕೆ ಇಡಿ. 1ರಲ್ಲಿಟ್ಟರೆ ನೀವು ಬೇಕೆಂದೇ ತಿರುಗುತ್ತಿರುವುದನ್ನೂ ಲೆನ್ಸು ತಪ್ಪೆಂದು ತಿಳಿದು ಎಳೆದಾಡಬಹುದು. ಬಸ್ಸಿನ ಬೋರ್ಡು ಓದಲು ಬರಬೇಕು, ಹಿಂದಿನ ಜಾಲಿಗಿಡ ಗೆರೆಗೆರೆಯಾಗಿ ಹರಿದಿರಬೇಕು. ಎರಡೂ ಇದ್ದರೆ ಪಾಸು.

ಇಲ್ಲೊಂದು ಎಚ್ಚರಿಕೆ. “ಸಾಂಬ್ರಾಕ್ಕೆ ಪಂಖದ ಎಟಿಆರ್ ವಿಮಾನ ಬರ್ತಾವಲ್ರೀ, ಬೇಲಿ ಹತ್ರ ನಿಂತು ಅದನ್ನ ಹೊಡದ್ರ ಆಗಂಗಿಲ್ಲೇನ್ರಿ?” ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ. 1942ರಲ್ಲಿ ಬ್ರಿಟಿಷ್ ವಾಯುಪಡೆ ಮಾಡಿದ ಬೆಳಗಾವಿಯ ಆ ವಿಮಾನ ನಿಲ್ದಾಣದ ಪಕ್ಕದಲ್ಲೇ ಇವತ್ತಿಗೂ ವಾಯುಪಡೆಯ ನೆಲೆಯಿದೆ. ಬೇಲಿಯ ಹೊರಗೆ ಉದ್ದ ಲೆನ್ಸು ಹಿಡಿದು ನಿಂತರೆ ಉತ್ತರ ಕೊಡಬೇಕಾಗುತ್ತದೆ. ಪುಣೆಯ ಲೋಹಗಾಂವ್, ಗೋವೆಯ ದಾಬೋಳಿಯಂತೂ ಸೇನೆಯ ನೆಲವೇ. ಅಲ್ಲಿ ಕ್ಯಾಮೆರಾ ಚೀಲದೊಳಗಿರಲಿ.

ಹಂತ 4: ಹದ್ದು, ಬೆಳ್ಳಕ್ಕಿ

ಪಂಖಾ ಸರಿ ಬಂದರೂ ವಿಮಾನ ಕರಿ ನೆರಳಾಗಿ ಬಂದರೆ ಏನು ಪ್ರಯೋಜನ? ಹೊಳೆಯುವ ಆಕಾಶವನ್ನು ಕಂಡ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ಕಡಿಮೆ ಮಾಡಿಬಿಡುತ್ತದೆ, ವಿಮಾನದ ಹೊಟ್ಟೆ ಕಪ್ಪಾಗುತ್ತದೆ.

ಮಾರ್ಕೆಟ್ ಮೇಲೆ ಸುತ್ತುವ ಹದ್ದನ್ನು ಹಿಡಿಯಿರಿ. ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಅಳತೆಯನ್ನು, ಸೊನ್ನೆಯಲ್ಲಿಟ್ಟು ಒಂದು, +0.7ರಲ್ಲಿ ಒಂದು, +1.3ರಲ್ಲಿ ಒಂದು. ರೆಕ್ಕೆಯಡಿಯ ಕಂದು ಗರಿ ಎಲ್ಲಿ ಕಾಣತೊಡಗುತ್ತದೋ ಮೋಡದ ದಿನ ವಿಮಾನಕ್ಕೂ ಅದೇ ಅಳತೆ. ಇನ್ನೊಂದು ದಿನ ಕೊಲ್ಹಾರದ ಸೇತುವೆಯ ಆಚೀಚೆ ಕೃಷ್ಣೆಯ ಹಿನ್ನೀರಿನ ದಂಡೆಗೆ ಹೋಗಿ ಬೆಳ್ಳಕ್ಕಿ ಹಿಡಿಯಿರಿ. ಕಡು ನೀರಿನ ಮುಂದೆ ಬಿಳಿ ಹಕ್ಕಿ ಬಂದಾಗ ಕ್ಯಾಮೆರಾ ಉಲ್ಟಾ ಮೋಸ ಮಾಡುತ್ತದೆ, ಗರಿಯೆಲ್ಲ ಸುಣ್ಣದ ಗೋಡೆಯಾಗುತ್ತದೆ. ಅಲ್ಲಿ -0.7.

ಕರಾವಳಿಯ ಏರ್‌ಸ್ಟ್ರಿಪ್‌ನಲ್ಲಿ ಈ ಎರಡೂ ಮೋಸ ಒಂದೇ ಸುತ್ತಿನಲ್ಲಿ ಎದುರಾಗುತ್ತವೆ. ವಿಮಾನ ಮೇಲಿದ್ದಾಗ ಹಿಂದೆ ಬಿಳಿ ಆಕಾಶ, ಕೆಳಗಿಳಿದು ಹಾದುಹೋಗುವಾಗ ಹಿಂದೆ ಕಡುಹಸಿರು ಮರದ ಸಾಲು. ಬಿಸಿಲು ಸ್ಥಿರವಾಗಿದ್ದರೆ ಎಲ್ಲವನ್ನೂ ಮ್ಯಾನ್ಯುಯಲ್‌ಗೆ ಹಾಕಿ ಹಸಿರು ಹುಲ್ಲಿನ ಮೇಲೆ ಅಳತೆ ತೆಗೆದು ಬಿಟ್ಟುಬಿಡಿ. ಹಿಂದೆ ಏನೇ ಬದಲಾದರೂ ವಿಮಾನದ ಮೇಲೆ ಬೀಳುವ ಬಿಸಿಲು ಅದೇ ತಾನೆ.

ಹಂತ 5: ಹೊರಡುವ ಹಿಂದಿನ ವಾರ

ಎಫ್/16ರಲ್ಲಿ ಖಾಲಿ ನೀಲಿ ಆಕಾಶದ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಚುಕ್ಕೆಗಳಿದ್ದರೆ ಸೆನ್ಸಾರ್ ಮೇಲೆ ಧೂಳಿದೆ. ರಬ್ಬರ್ ಬುಗ್ಗೆಯಿಂದ ಊದಿ, ಕ್ಯಾಮೆರಾದ ಬಾಯಿ ಕೆಳಮುಖವಾಗಿರಲಿ. ಬಾಯಿಂದ ಊದಿದರೆ ಉಗುಳು ಹಾರಿ ಧೂಳಿಗಿಂತ ಕೆಟ್ಟದಾಗುತ್ತದೆ.

ಬಿಡಿ ಬ್ಯಾಟರಿಗಳನ್ನು ವಿಮಾನದ ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕಿದರೆ ಪೆಟ್ಟಿಗೆ ಬಿಚ್ಚಿಸುತ್ತಾರೆ. ಇಂಗ್ಲೆಂಡಿನ ಗೋಡೆ ಸಾಕೆಟ್ಟಿಗೆ ಚೌಕ ಕಾಲಿನ ಮೂರು ಪಿನ್ನು ಬೇಕು, ನಮ್ಮ ದುಂಡು ಪಿನ್ನು ಕೂರುವುದಿಲ್ಲ. ಮಗನಿಗೆಂದು ಕುಂದಾ ಕಟ್ಟಿಕೊಳ್ಳುವವರಿಗೂ ಒಂದು ಮಾತು: ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ, ಮೈದಾನದಲ್ಲಿ ಮಧ್ಯಾಹ್ನದ ಊಟವೂ ಆಗುತ್ತದೆ.

ಹಂತ 6: ಮೈದಾನದಲ್ಲಿ ಜಾಗ ಹಿಡಿಯುವುದು

ಸಮುದ್ರ ಕಾಣುವ ಕಡೆ ಹೋಗಿ ನಿಲ್ಲಲು ಎಲ್ಲರಿಗೂ ಆಸೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಸಮುದ್ರ ಇರುವುದು ದಕ್ಷಿಣಕ್ಕೆ. ಅಲ್ಲಿ ಸೂರ್ಯ ನಮ್ಮೂರಿನ ಹಾಗೆ ನೆತ್ತಿಯ ಮೇಲೆ ಬರುವುದೇ ಇಲ್ಲ, ಜೂನ್ ತಿಂಗಳ ನಡು ಮಧ್ಯಾಹ್ನವೂ ದಕ್ಷಿಣಕ್ಕೇ ವಾಲಿರುತ್ತಾನೆ. ಸಮುದ್ರ ಎದುರಿಗಿದ್ದರೆ ಸೂರ್ಯನೂ ಎದುರಿಗೇ. ವಿಮಾನಗಳೆಲ್ಲ ಕರಿ ಕಾಗೆ. ನಾನು ಮೊದಲ ಸಲ ಅರ್ಧ ದಿನ ಹೀಗೇ ಕಳೆದೆ. ಬಿಸಿಲು ಬೆನ್ನಿಗೆ ಬೀಳುವ ಜಾಗ ನೋಡಿ. ಪ್ರೇಕ್ಷಕರ ಜಾಗ ಒಂದೇ ಕಡೆ ಇದ್ದು ಬೇರೆ ದಾರಿಯಿಲ್ಲದಿದ್ದರೆ ಮಧ್ಯಾಹ್ನ ನೆಲದ ವಿಮಾನಗಳ ಹತ್ತಿರ ಕಳೆದು ಸಂಜೆಗೆ ಕಾಯಿರಿ. ಜೂನ್‌ನಲ್ಲಿ ಕತ್ತಲಾಗುವುದು ರಾತ್ರಿ ಒಂಬತ್ತರ ಮೇಲೆ. ಬಂದ ವಿಮಾನಗಳು ತಮ್ಮ ತಮ್ಮ ಊರಿಗೆ ಒಂದರ ಹಿಂದೊಂದು ಹೊರಡುವ ಹೊತ್ತು, ಪಕ್ಕದಿಂದ ಬೀಳುವ ಹೊಂಬಿಸಿಲು. ಅಷ್ಟರಲ್ಲಿ ಜನ ಕಾರು ಹುಡುಕುತ್ತಿರುತ್ತಾರೆ, ಬೇಲಿ ಖಾಲಿ.

ಎರಡನೆಯದು ಗಾಳಿಚೀಲ. ಕಂಬದ ತುದಿಯಲ್ಲಿ ಕಟ್ಟಿದ ಬಟ್ಟೆಯ ತೋಳಿನಂಥದ್ದು. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಮುಖಮಾಡಿ. ಚೀಲದ ಬಾಲ ನಿಮ್ಮ ಕಡೆಗಿದ್ದರೆ ನೀವಿರುವ ತುದಿಯಿಂದಲೇ ಓಟ ಶುರುವಾಗುತ್ತದೆ. ಬೆಳಿಗ್ಗೆ ನೋಡಿದ್ದನ್ನೇ ನಂಬಿ ಕೂರಬೇಡಿ. ನೆಲ ಕಾದ ಮೇಲೆ ಸಮುದ್ರದಿಂದ ಗಾಳಿ ಏಳುತ್ತದೆ, ರನ್‌ವೇ ಬಳಸುವ ದಿಕ್ಕೇ ಬದಲಾಗಬಹುದು. ಆ ಗಾಳಿ ಉಪ್ಪಿನ ತೇವವನ್ನೂ ತರುತ್ತದೆ. ಗಂಟೆಗೊಮ್ಮೆ ಫಿಲ್ಟರ್ ಒರೆಸಿ.

ಹಂತ 7: ನೆಲದ ಮೇಲಿನ ವಿಮಾನ

ನನ್ನ ಕೇಳಿದರೆ ಅತ್ಯುತ್ತಮ ಫೋಟೊ ಸಿಗುವುದು ಇಲ್ಲೇ. ಟೈಗರ್ ಮಾತ್‌ಗೆ ಸೆಲ್ಫ್ ಸ್ಟಾರ್ಟ್ ಇಲ್ಲ. ಒಬ್ಬರು ಮುಂದೆ ನಿಂತು ಕೈಯಿಂದ ಪಂಖಾ ಎಳೆಯುತ್ತಾರೆ. ನಾನು ನೋಡಿದವರು ಕೋಟಿನ ಗುಂಡಿ ಹಾಕಿಕೊಂಡು, ಶಾಲು ತೆಗೆದು ಹುಲ್ಲಿನ ಮೇಲಿಟ್ಟು, ಒದ್ದೆ ಹುಲ್ಲಲ್ಲಿ ಕಾಲು ಜಾರದೇ ಇರಲೆಂದು ಬೂಟನ್ನು ಎರಡು ಸಲ ಉಜ್ಜಿ, ಪೈಲಟ್ ಕಡೆ ನೋಡಿ “ಕಾಂಟ್ಯಾಕ್ಟ್” ಎಂದು ಕೂಗಿದರು. ಎಳೆದು ಒಂದೇ ಚಲನೆಯಲ್ಲಿ ಹಿಂದೆ ಸರಿದರು. ಮೊದಲ ಎಳೆತಕ್ಕೆ ಬರೀ ಕೆಮ್ಮು. ಎರಡನೆಯದಕ್ಕೂ ಅದೇ. ಮೂರನೆಯದಕ್ಕೆ ಹಿಡಿಯಿತು. ಈ ದೃಶ್ಯಕ್ಕೆ 1/60. ಮನುಷ್ಯನ ಮುಖ ಚೂಪು, ಕೈ ಅರೆ ಮಸುಕು, ಪಂಖಾ ಕರಗಿದ್ದು, ಮೂರೂ ಒಟ್ಟಿಗೆ ಬರುತ್ತದೆ.

ಹಾರ್ವರ್ಡ್ ತರಬೇತಿ ವಿಮಾನ, ಡಕೋಟಾದಂಥವುಗಳ ಇಂಜಿನ್ ದುಂಡಗಿರುತ್ತದೆ, ಸಿಲಿಂಡರುಗಳು ಸುತ್ತಲೂ ಕೂತಿರುತ್ತವೆ. ನಿಂತಿದ್ದಾಗ ಕೆಳಗಿನ ಸಿಲಿಂಡರಿಗೆ ಎಣ್ಣೆ ಇಳಿದಿರುತ್ತದೆ, ಶುರುವಾದೊಡನೆ ಅದು ಉರಿದು ನೀಲಿ ಹೊಗೆ ಭುಸ್ಸೆಂದು ಬರುತ್ತದೆ. ನಾಲ್ಕು ಸೆಕೆಂಡಿನ ಆಟ, ಕ್ಯಾಮೆರಾ ಮೊದಲೇ ಕಣ್ಣಿಗಿರಲಿ. ಸ್ಪಿಟ್‌ಫೈರ್ ಮಾತ್ರ ನೆಲದ ಮೇಲೆ ಬಹಳ ಹೊತ್ತು ನಿಲ್ಲಲಾರದು, ಬೇಗ ಕಾಯುತ್ತದೆ. ಇಂಜಿನ್ ಶುರುವಾದರೆ ಚಹಾ ಬಿಟ್ಟು ಓಡಿ. ಮೂತಿ ಎತ್ತರವಿದ್ದು ಪೈಲಟ್‌ಗೆ ಮುಂದಿನದು ಕಾಣದು, ಹಾಗಾಗಿ ಹಾವಿನಂತೆ ಎಡಕ್ಕೂ ಬಲಕ್ಕೂ ಹೊರಳುತ್ತ ಬರುತ್ತದೆ. ನಿಮ್ಮತ್ತ ಹೊರಳಿದಾಗ ಒಂದು, ಆಚೆ ಹೊರಳಿದಾಗ ಒಂದು ತೆಗೆಯಿರಿ.

ಹಂತ 8: ಹಾರಾಟ

ದೂರದಲ್ಲಿರುವಾಗಲೇ ಫೋಕಸ್ ಹಿಡಿಯಿರಿ, ಹಂತ 3ರಂತೆ ತಿರುಗಿ, ಎದುರಿಗೆ ಬರುವ ಸ್ವಲ್ಪ ಮೊದಲು ಗುಂಡಿ ಒತ್ತಿ. ಮೊದಲ ಸುತ್ತಿಗೆ 1/250ರಲ್ಲಿ ನಾಲ್ಕು ಫೋಟೊ ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಮೇಲೆ 1/160, 1/125. ಕೊನೆಯ ಸುತ್ತುಗಳಲ್ಲಿ 1/80 ಪ್ರಯತ್ನಿಸಿ. ನನಗೆ 1/80ರಲ್ಲಿ ಮೂವತ್ತು ಹೊಡೆದರೆ ಎರಡೋ ಮೂರೋ ದಕ್ಕುತ್ತವೆ, ಅದಕ್ಕೆ ಬೇಜಾರಿಲ್ಲ.

ಮುಖಾಮುಖಿ ಬರುವ ವಿಮಾನಕ್ಕೆ ಪ್ಯಾನಿಂಗ್ ನಡೆಯದು. ಪಕ್ಕದಿಂದ ಹಾದುಹೋಗುವುದಕ್ಕೇ ನಿಧಾನದ ಶಟರ್ ಇಟ್ಟುಕೊಳ್ಳಿ. ಹಿಂದೆ ಸಮುದ್ರದ ಗೆರೆ ಬಂದರೆ ಅದು ಓರೆಯಾಗದಂತೆ ನೋಡಿ. ವಿಮಾನ ವಾಲಬಹುದು, ಸಮುದ್ರ ವಾಲಬಾರದು.

ಕೆಟ್ಟ ಸೂಚನೆಗಳು

ತೆಗೆದ ಫೋಟೊವನ್ನು ಅಲ್ಲೇ ದೊಡ್ಡದು ಮಾಡಿ ನೋಡಿದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ. ವಿಮಾನ ಅಡ್ಡಡ್ಡ ಎಳೆದಂತಿದ್ದರೆ ನೀವು ತಿರುಗಿದ ವೇಗ ಹೊಂದಿಲ್ಲ. ಮೇಲೆ ಕೆಳಗೆ ಎಳೆದಂತಿದ್ದರೆ ಗುಂಡಿಯನ್ನು ಬಡಿಯುತ್ತಿದ್ದೀರಿ. ಮೂತಿ ಚೂಪಾಗಿ ಬಾಲ ಮಸುಕಾಗಿದ್ದರೆ ಚಿಂತೆ ಬೇಡ, ವಿಮಾನ ಓರೆಯಾಗಿ ಬಂದಾಗ ಎರಡು ತುದಿಯ ವೇಗ ಒಂದೇ ಇರುವುದಿಲ್ಲ. ಇಡೀ ವಿಮಾನ ನೀರಿನೊಳಗಿಂದ ಕಂಡಂತೆ ಅಲೆಅಲೆಯಾಗಿದ್ದರೆ ಅದು ಕಾದ ನೆಲದ ಬಿಸಿಗಾಳಿ. ಅದಕ್ಕೆ ಯಾವ ಲೆನ್ಸೂ ಮದ್ದಲ್ಲ, ವಿಮಾನ ಹತ್ತಿರ ಬರಲಿ ಅಥವಾ ಸಂಜೆಯಾಗಲಿ.

ಜೀವಕ್ಕೆ ಸಂಬಂಧಪಟ್ಟದ್ದು ಬೇರೆ. ನಿಂತ ಪಂಖವನ್ನೂ ಮುಟ್ಟಬೇಡಿ, ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೊ ತೆಗೆಯಬೇಡಿ. ಹಳೆ ಇಂಜಿನ್ನಿನಲ್ಲಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ, ಸ್ವಿಚ್ಚು ಸರಿಯಾಗಿ ಬಂದ್ ಆಗಿರದಿದ್ದರೆ ಪಂಖವನ್ನು ಸ್ವಲ್ಪ ಹೊರಳಿಸಿದರೂ ಕಿಡಿ ಹಾರಿ ಒದೆಯಬಹುದು. ತಿರುಗುವ ಪಂಖಾ ಕಣ್ಣಿಗೆ ಕಾಣುವುದಿಲ್ಲ. ಸೆರಗು, ದುಪಟ್ಟಾ, ಟೋಪಿ ಬಿಗಿಯಾಗಿರಲಿ. ಟಿಕೆಟ್ ದುಡ್ಡು ಉಳಿಸಲು ಬೇಲಿಯಾಚೆ ರಸ್ತೆಯಲ್ಲಿ ನಿಲ್ಲುವ ಯೋಚನೆ ಬೇಡ. ಅದೇ ದಕ್ಷಿಣ ಕರಾವಳಿಯ ಶೋರಂನಲ್ಲಿ 2015ರ ಆಗಸ್ಟ್ 22ರಂದು ಪ್ರದರ್ಶನ ನೀಡುತ್ತಿದ್ದ ಹಳೆ ಹಂಟರ್ ಜೆಟ್ ಮೈದಾನದ ಹೊರಗಿನ ಹೆದ್ದಾರಿಗೆ ಬಿದ್ದು 11 ಜನ ತೀರಿಕೊಂಡರು.

ಮೊಬೈಲ್ ಒಂದೇ ಇದ್ದವರಿಗೆ

ಬಹುತೇಕ ಮೊಬೈಲುಗಳ ಅಪರ್ಚರ್ ಬದಲಾಗುವುದಿಲ್ಲ, ಎಫ್/1.8ರ ಆಸುಪಾಸು ಸದಾ ತೆರೆದಿರುತ್ತದೆ. ಬಿಸಿಲಲ್ಲಿ ಅದು ತಾನಾಗಿಯೇ ಶಟರನ್ನು ಸಾವಿರದ ಮೇಲೆ ಏರಿಸುತ್ತದೆ. ಅದರ ಸೆನ್ಸಾರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಅಷ್ಟರಲ್ಲಿ ಪಂಖಾ ಮುಂದೆ ಹೋಗಿರುತ್ತದೆ, ಅಲಗುಗಳು ಬಾಳೆಹಣ್ಣಿನಂತೆ ಬಾಗಿ ಬರುತ್ತವೆ. ಪ್ರೊ ಮೋಡ್‌ನಲ್ಲಿ ಐಎಸ್‌ಒ 50, ಶಟರ್ 1/100 ಹಾಕಿದರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಕ್ಲಿಪ್ಪಿನಲ್ಲಿ ಸಿಕ್ಕಿಸುವ ಎನ್‌ಡಿ 32 ಫಿಲ್ಟರ್ ಬೇಕು. ಅದು ಸಿಗದಿದ್ದರೆ ಹಾರಾಟದ ಫೋಟೊ ಬಿಟ್ಟು ವಿಡಿಯೊ ಮಾಡಿ, ಸದ್ದಾದರೂ ಉಳಿಯುತ್ತದೆ.

ಬಂದ ಮೇಲೆ ಆರಿಸುವುದು

ಅದೇ ರಾತ್ರಿ ಅಳಿಸಲು ಕೂರಬೇಡಿ, ದಣಿದ ಕಣ್ಣು ಒಳ್ಳೆಯದನ್ನೂ ಎಸೆಯುತ್ತದೆ. ಮೊದಲು ಎರಡು ಕಡೆ ಪ್ರತಿ ಮಾಡಿ, ಆಮೇಲಷ್ಟೇ ಕಾರ್ಡು ಖಾಲಿ ಮಾಡಿ. ಮರುದಿನ ಒಂದೊಂದನ್ನೂ ನೂರಕ್ಕೆ ನೂರು ದೊಡ್ಡದು ಮಾಡಿ ಮೊದಲು ವಿಮಾನದ ಮೈಮೇಲಿನ ನೋಂದಣಿ ಅಕ್ಷರ ನೋಡಿ. ಓದಲು ಬಂದರೆ ಪಂಖದ ಕಡೆ ಹೋಗಿ. ಅಲ್ಲಿ ಅಲಗಿನ ಅಂಚು ಎಣಿಸಲು ಬರುವಷ್ಟು ಸ್ಪಷ್ಟವಾಗಿದ್ದರೆ ಅದು ಬೇರೆ ಫೋಲ್ಡರಿಗೆ ಹೋಗಲಿ. ನಾನು ಆ ಫೋಲ್ಡರಿಗೆ ‘ಇಂಜಿನ್ ಬಂದ್’ ಎಂದು ಹೆಸರಿಟ್ಟಿದ್ದೇನೆ. ಮೊದಲ ಸಲ ಅದರಲ್ಲಿ 600 ಇದ್ದವು, ಹೋದ ಬೇಸಿಗೆಯಲ್ಲಿ 40.